ಅಂಡಮಾನಕ್ಕ ನಾಕು ತಾಟು

ಔರಾದ
೯ ಮಾರ್ಚ್ ೨೦೨೫, ರವಿವಾರ

ದೋಸ್ತ ಶಿವಕಾಂತಗ,

ಜೈ ಭೀಮ. ಹದಿನಾಲ್ಕು ವರ್ಷದಾಗ ನಿನಗ ನಾ ಹಿಂಗ ಬರದವ ಅಲ್ಲ, "ನಮಸ್ಕಾರ" ಅಂತಿದ್ದೆ. ಈ ಸಲ ಇದೇ ಇರಲಿ. ನೀ ಅಂಡಮಾನದಿಂದ ಹೊಳ್ಳಿ ಬಂದು ತಿಂಗಳಾತು, ಐದು ಸಲ ಫೋನ್ ಹಚ್ಚಿದಿ, ನಾ ಎತ್ತಲಿಲ್ಲ. ತಡಾ ಮಾಡ್ದೆ, ಮಾಫ್ ಮಾಡು. ವಾಟ್ಸಾಪಿನ್ಯಾಗ ಬರದ್ರ ನೀ ಒಂದು ನಗೂ ಮಾರಿ ಹಾಕಿ ಮುಗಸ್ತಿ. ಫೋನಿನ್ಯಾಗ ಮಾತಾಡಿದ್ರ "ಅರೇ ಯಾರ್, ಬಿಡಲೇ" ಅಂತಿ, ನಾನೂ ಮೆತ್ತಗಾಗಿ ಬಿಟ್ಟುಬಿಡ್ತೇನಿ. ನನ್ನ ಸ್ವಭಾವ ನನಗ ಗೊತ್ತದ. ಅದಕ್ಕ ಈ ಕಾಗದ.

ಇಲ್ಲಿ ಎಲ್ಲಾರೂ ಆರಾಮ ಇದ್ದೇವಿ. ಆಮ್ರಪಾಲಿದು ಹತ್ತನೇತ್ತೆ ಪರೀಕ್ಷಾ ಇದೇ ತಿಂಗಳಾಗ ಅದ, ಮಗಳು ಪುಸ್ತಕದಾಗಿಂದ ಮಾರಿ ಎತ್ತವಲ್ಲಳು. ನಾ ದನದ ದವಾಖಾನಿಯ ಐಸ್ ಡಬ್ಬಿ ಹೆಗಲಿಗಿ ಹಾಕ್ಕೊಂಡು ಊರೂರು ತಿರಗಲಿಕತ್ತೇನಿ, ಕುರಿಗಿ ಲಸಿಕಿ ಹಾಕೂ ಕೆಲಸ. ನೀ ಭಾಲ್ಕಿ ಬಸ್ಸಿನ ಕಂಡಕ್ಟರ ಕೈಯಾಗ ಕೊಟ್ಟು ಕಳಿಸಿದ್ದ ಗಂಟು ಮುಟ್ಟೇದ. ಶಂಖಿನ ಸರ ಕೌಸಲ್ಯಾ ಕೊಳ್ಳಾಗ ಹಾಕ್ಕೊಂಡು ಕನ್ನಡಿ ನೋಡಿದ್ಳು. "ಛಂದ ಅದರಿ. ನೀವೇ ಹೋಗಿ ತಂದಿದ್ರ ಇನ್ನೂ ಛಂದ ಕಾಣ್ತಿತ್ತು" ಅಂದು ತಗದು ಡಬ್ಬ್ಯಾಗ ಇಟ್ಟಳು.

ನಾ ಬರದಿದ್ದ ಅಂಡಮಾನ ಪ್ಲಾನಿನ ನೋಟಬುಕ್ಕೂ ಗಂಟಿನ್ಯಾಗ ಇತ್ತು. ಅದರಾಗ ನಿನ್ನ ಚೀಟಿ: "ಬರೂ ಜನವರಿಗಿ ಮತ್ತ ಹೋಗೂಣು, ನೀನೂ ಬಾ. ಹೊಸಾ ಪ್ಲಾನ ಮಾಡು, ಹುಳ ಕಟ್ಟಲಿಕ್ಕ ಚಾಲೂ ಮಾಡು." ವಾಹ್ ಮಾರಾಯಾ! ಎಷ್ಟು ಸಲೀಸ ಬರದೀದಿ.

ನಿಮ್ಮ ದಡ್ಡಿಯ ಕುರಿಗೋಳಿಗಿ ಸೂಜಿ ಹಾಕಲಿಕ್ಕ ಬಂದವ ನಾ, ಅಲ್ಲಿಂದ ನಮ್ಮ ದೋಸ್ತಿ. ಫ್ಲೈ ಫಿಶಿಂಗ್ ಅಂಬೂ ಮೀನ ಹಿಡಿಯೂ ಹುಚ್ಚು ನಿನಗ ಯುಟ್ಯೂಬಿನ್ಯಾಗ ಹತ್ತಿತು, ನೀ ನನಗ ಹಚ್ಚಿದಿ. ಎರಿಹುಳ ಬ್ಯಾಡ, ಕಣಕದ ಉಂಡಿ ಬ್ಯಾಡ, ಗಾಳಕ್ಕ ಕುರಿ ಉಣ್ಣಿ, ಕೋಳಿ ಪುಚ್ಚ ಸುತ್ತಿ ಹುಳದ ಹಂಗ ಮಾಡೂದು, ಉದ್ದಂದು ದಾರ ಗಾಳ್ಯಾಗ ಬೀಸಿ ನೀರಿನ ಮ್ಯಾಲ ಹಗೂರಕ ಇಳಸೂದು. ಬೀಸೂದು ಕಲೀಲಿಕ್ಕ ಅಷ್ಟೂರ ಗುಮ್ಮಟಗೋಳ ಮುಂದಿನ ಬಯಲಿಗಿ ಹೋಗ್ತಿದ್ದೆವಲ್ಲಾ? ನೋಡ್ಲಿಕ್ಕ ಬಂದ ಮಂದಿ, "ನೀರೇ ಇಲ್ಲ, ಇವ್ರು ಏನು ಹಿಡೀತಾರ್ರೀ?" ಅಂತ ಹೊಟ್ಟಿ ಹಿಡಕೊಂಡು ನಗ್ತಿದ್ರು. ಉಣ್ಣಿ ನಿಮ್ಮ ಕರೀ ಕುರಿದು. ಪುಚ್ಚ ಬೀದರದ ಅಬ್ದುಲ ಮಜೀದ ಭಾಯಿ ಕೋಳಿ ಅಂಗಡಿದು, ಹುಂಜದ ಕೊಳ್ಳಿಂದು, ನನ್ನ ಸಲುವಾಗಿ ಚೀಲದಾಗ ತಗದು ಇಡ್ತಿದ್ದ. ಕಟ್ಟೂ ಕೈ ಮಾತ್ರ ನಂದು.

ಮತ್ತ ಕಾರಂಜಾ ಡ್ಯಾಮಿನ ದಂಡಿ! ಪ್ರತಿ ರವಿವಾರ ನಾ ಔರಾದದಿಂದ ಬಸ್ಸಿಗಿ ಬರ್ತಿದ್ದೆ, ನೀ ಭಾಲ್ಕಿಂದ ಗಾಡಿಮ್ಯಾಲ. ಮೀನ ಸಿಗಲಿ ಬಿಡಲಿ, ಹನ್ನೆರಡಕ್ಕ ಜಾಲಿ ಗಿಡದ ನೆಳ್ಳಾಗ ಕೌಸಲ್ಯಾ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಒಂದೇ ಅರಿವ್ಯಾಗ ಬಿಚ್ಚಿ ಇಬ್ಬರೂ ಉಣ್ಣೂದು. "ವೈನಿ ಕೈ ಅಂದ್ರ ಕೈ ನೋಡಲೇ" ಅಂತ ನನ್ನ ಪಾಲಿನ ಪಲ್ಯಾನೂ ನೀನೇ ಬಳಕೊಂಡು ತಿಂತಿದ್ದಿ.

ಅಂಡಮಾನದ ಕನಸು ಅಲ್ಲೇ ಕುಂತು ಕಂಡಿದ್ದು. ಮೊಣಕಾಲಷ್ಟು ಬೆಚ್ಚಗಿನ ನೀರಾಗ ನಿಂತು ಸಮುದ್ರದ ಮೀನಿಗಿ ದಾರ ಬೀಸೂದು. ಏಜೆಂಟಗೋಳ ರೇಟ್ ಕೇಳಿ ನಿನ್ನ ಮಾರಿ ಇಷ್ಟಾತು. ನಾನೇ ಅಂದೆ, ನಾವೇ ಮಾಡ್ಕೋಳೂಣು. ಎರಡು ವರ್ಷ ಕುಂತೆ. ಹೈದರಾಬಾದ ತನಕ ಬಸ್ಸು, ಅಲ್ಲಿಂದ ಚೆನ್ನೈ ರೈಲು, ಮುಂದ ಹಡಗಿನ್ಯಾಗ ಎಲ್ಲಾಕ್ಕಿಂತ ಕಡಿಮಿ ದರ್ಜಾ. ಯಾವ ದಂಡಿಗಿ ಹೋಗಲಿಕ್ಕ ಪರ್ಮಿಶನ್ ಬೇಕು, ಸಮುದ್ರದ ನೀರು ಯಾವಾಗ ಇಳೀತದ, ಉಪ್ಪುನೀರಿಗಿ ಜಂಗ ಹತ್ತಲಾರದ ಗಾಳ ಎಲ್ಲಿ ಸಿಗ್ತಾವ, ಎಲ್ಲಾ ಬರದೆ. ದೋಣಿ ಬಾಡಗಿ ಇಬ್ಬರಿಗಿ ಭಾರ ಆಗ್ತದಂತ ನೀ ನಿನ್ನ ಮನಿಯಾಕಿ ಸರಿತಾ ವೈನಿಯ ತಮ್ಮ ಅಮೋಲಗ, ಅವನ ಅಣ್ಣಗ ಕೂಡಿಸಿದಿ. ನಾಕು ಮಂದಿ ಆದೆವು. ಹೋಟೆಲ್ ಊಟಾ ತಪ್ಪಿಸಲಿಕ್ಕ ಒಂದೇ ಖೋಲಿ, ಒಂದೇ ಸ್ಟೋವ್, ಒಂದೇ ಪಾತೇಲಿ. ಅಡಗಿ ನಾ ಮಾಡ್ತೇನಿ ಅಂದೆ. ಮೀನಿನ ಸಾರು ನನ್ನಷ್ಟು ಛಲೋ ಯಾರು ಮಾಡ್ತಾರ? ಅವರಿಬ್ಬರಿಗೂ ತೋರಸಂತ ನೋಟಬುಕ್ಕು ನಿನ್ನ ಕೈಯಾಗ ಕೊಟ್ಟೆ.

ಹೋಗಲಿಕ್ಕ ಹತ್ತು ದಿನ ಇದ್ದಾಗ ನೀ ಫೋನ್ ಮಾಡಿದಿ. "ಮಾಣಿಕ, ಹಡಗಿನ್ಯಾಗ ಮೂರೇ ಬರ್ತ್ ಸಿಕ್ಕಾವಲೇ, ನಿಂದು ಆಗಲಿಲ್ಲ. ಮುಂದಿನ ಸಲ ಪಕ್ಕಾ." ನಂದು ರಜಾ ಮಂಜೂರಾಗಿತ್ತು, ಬ್ಯಾಗ ತುಂಬಿತ್ತು. ಆದ್ರೂ ನಾ ಏನು ಮಾಡಿದೆ ಗೊತ್ತಾ? ಅರವತ್ತು ಹುಳ ಕಟ್ಟಿದ ಡಬ್ಬಿ, ನನ್ನ ಗಾಳದ ರಾಡು ಸುದ್ದಾ ಬಸ್ಸಿಗಿ ಹಾಕಿ ನಿನಗ ಕಳಿಸಿದೆ. ನನ್ನಂಥ ಹುಚ್ಚ ಯಾರರೆ ಇದ್ದಾರೇನು!

ಯಾರರೆ ಕ್ಯಾನ್ಸಲ್ ಮಾಡಿದ್ರ ನನಗ ಸಿಗಬಹುದಂತ ನಾನೇ ಬುಕಿಂಗ್ ಆಫೀಸಿಗಿ ಫೋನ್ ಹಚ್ಚಿದೆ. ಆ ಮನಷ್ಯಾ ಹಿಂದಿಯೊಳಗ ಹೇಳಿದ, ಬರ್ತ್ ಬೇಕಾದಷ್ಟು ಖಾಲಿ ಅವರಿ, ಎಷ್ಟು ಬೇಕು? ನಾ ಫೋನ್ ಇಟ್ಟೆ. ಕೌಸಲ್ಯಾ ಬಾಜೂ ನಿಂತಿದ್ಳು. "ಹಂಗಾರ ನೀವು ತಗೊಂಡು ಹೋಗ್ರಿ, ಯಾಕ ಬಿಡ್ತೀರಿ" ಅಂದ್ಳು. ಸುಳ್ಳು ಹೇಳಿದವನ ಬಾಜೂ ಮೂರು ದಿನ ಕುಂತು ಸಮುದ್ರ ನೋಡೂದು ನನ್ನ ಕೈಲೆ ಆಗೂದಿಲ್ಲ ಅಂದೆ. ಬ್ಯಾಗ ಬಿಚ್ಚಿ ಅರಿವಿ ಕಪಾಟಿನ್ಯಾಗ ಇಟ್ಟೆ.

ನೀ ಅಲ್ಲಿಂದ ಫೋಟೋ ಕಳಿಸಿದಿ. ನಿನ್ನ ತೋಳಷ್ಟು ಉದ್ದ ಬೆಳ್ಳಿ ಬಣ್ಣದ ಮೀನ, ಅದರ ಬಾಯಾಗ ಕರೀ ಉಣ್ಣೀಲೆ ಸೀಗಡಿ ಹಂಗ ಕಟ್ಟಿದ ನಂದೇ ಹುಳ. ಗಾಳದ ಪ್ಲಾಸ್ಟಿಕ್ ದಾರದ ತುದಿ ಸುಟ್ಟು ಅದರ ಕಣ್ಣು ನಾನೇ ಮಾಡಿದ್ದೆ. "ನಿನ್ನ ಹುಳಕ್ಕೇ ಬಿತ್ತು ನೋಡಲೇ!" ಅಂತ ಬರದಿದ್ದಿ. ಖುಷಿನೂ ಆತು, ಸಂಕಟಾನೂ ಆತು.

ಈಗ ನಿನ್ನ ಕೆಲಸದ ಮಾತು. ನೀ ಕೇಳಿದ ಹೊಸಾ ಪ್ಲಾನ ಈ ಕಾಗದದ ಕೂಡ ಅದ. ಸಮುದ್ರದ ನೀರು ಇಳಿಯೂ ಟೈಮ್ ತಿದ್ದೇನಿ, ದೋಣಿಯವನ ಹೊಸಾ ನಂಬರ ಹಾಕೇನಿ, ಇಪ್ಪತ್ತು ಹುಳಾನೂ ಇಟ್ಟೇನಿ. ನಾ ಬರೂದಿಲ್ಲ. ಬರೂ ಜನವರಿಗೂ ಇಲ್ಲ, ಅದರ ಮುಂದಿನ ಜನವರಿಗೂ ಇಲ್ಲ. ಕಾರಂಜಾಕ್ಕೂ ಇನ್ನ ನನ್ನ ದಾರಿ ನೋಡಬ್ಯಾಡ. ರಾಡು ಮಾತ್ರ ಹೊಳ್ಳಿ ಕಳಸು. ಆಮ್ರಪಾಲಿ ಬೀಸೂದು ಕಲೀತೇನಿ ಅಂತಾಳ, ಪರೀಕ್ಷಾ ಮುಗದ ಮ್ಯಾಲ ಆಕಿಗಿ ಅಷ್ಟೂರಕ್ಕ ಕರಕೊಂಡು ಹೋಗಾಂವ ಇದ್ದೇನಿ.

ವೈನಿಗಿ ನನ್ನ ಶರಣು ಹೇಳು, ಆಕಿದು ಇದರಾಗ ಏನೂ ತಪ್ಪಿಲ್ಲ. ನಿನ್ನ ಮಕ್ಕಳು ಓದಿ ದೊಡ್ಡವರಾಗಲಿ, ನಿಮ್ಮ ದಡ್ಡಿ ತುಂಬಿರಲಿ. ಕುರಿಗಿ ಲಸಿಕಿ ಬಾಕಿ ಇದ್ರ ಹೇಳಿ ಕಳಸು, ಆ ಕೆಲಸಕ್ಕ ನಾ ಬಂದೇ ಬರ್ತೇನಿ.

ಇಂತಿ ನಿನ್ನ
ಮಾಣಿಕ

ತಾ.ಕ.: ಒಂದು ಬರ್ತಿನ ಸುಳ್ಳಿಗಿ ಇವಗ ಇಷ್ಟು ಸಿಟ್ಟಾ ಅಂತ ನೀ ಅನಕೋತಿ. ಅದಲ್ಲಲೇ. ನೋಟಬುಕ್ಕಿನ ಕಡೀ ಪುಟ ನೋಡದೇ ಕಳಿಸೀದಿ ನೀ. ನನ್ನ ಅಕ್ಷರದಾಗ "ಸ್ಟೋವ್ ೧, ಪಾತೇಲಿ ೧, ತಾಟು ೪" ಅಂತ ಅದ. ಅದರ ಬಾಜೂ ಪೆನ್ಸಿಲ್ಲೀಲೆ ನಿನ್ನ ಅಕ್ಷರ: "ಅಡಗಿ ಅಮೋಲ್ ಮಾಡಲಿ. ಮಾಣಿಕಂದು ತಾಟು, ಗ್ಲಾಸು ಬ್ಯಾರೆ." ಆಮ್ಯಾಲ ಅದಕ್ಕೂ ಕಾಟ್ ಹೊಡದೀದಿ, ನಾಕಕ್ಕೂ ಕಾಟ್ ಹೊಡದು ಮೂರು ಮಾಡೀದಿ. ಅಮೋಲ್ ಮತ್ತ ಅವರಣ್ಣ ನಮ್ಮ ಜಾತಿಯವನ ಕೂಡ ಒಂದೇ ಪಾತೇಲ್ಯಾಗ ಉಣ್ಣೂದಿಲ್ಲ ಅಂದಿರಬೇಕು, ಅವರ ಮಾತು ನನಗ ಹೊಸಾದಲ್ಲ. ಆದ್ರ ಬ್ಯಾರೆ ತಾಟು ಅಂತ ಬರದ ಕೈ ನಿಂದು. ಹಂಗಾರ ಹದಿನಾಲ್ಕು ವರ್ಷ ಕಾರಂಜಾ ದಂಡಿಮ್ಯಾಲ ನೀ ನನ್ನ ಕೂಡ ಉಂಡಿದ್ದು, ಅಲ್ಲಿ ನೋಡವ್ರು ಯಾರೂ ಇಲ್ಲಂತೇನು? ಕೌಸಲ್ಯಾಗ ಆ ಪುಟ ನಾ ತೋರಿಸಿಲ್ಲ. ನಿನಗ ರೊಟ್ಟಿ ಕಟ್ಟಿಕೊಟ್ಟಾಕಿ ಆಕಿ.

ಹೊಸಾ ಪ್ಲಾನಿನ್ಯಾಗ ತಾಟು ಮೂರು ಅಂತ ನಾನೇ ಬರದೇನಿ. ಈ ಸಲ ಕಾಟ್ ಹೊಡಿಯೂ ತ್ರಾಸ ನಿನಗಿಲ್ಲ.