ಹನ್ನೆರಡಕ್ಕೆ ರೇಡಿಯೊ ಹಾಕಿಡು

ಮಗಳೇ,

ಬೆಸುಗೆ ಹಾಕುವ ವಾಸನೆ ಬಂದರೆ ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದ ಮೂಲೆ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಹವ್ಯಾಸಿಗಳು ರೇಡಿಯೊದಲ್ಲೇ ಊರೂರಿಗೆ ಮಾತಾಡುವ ಹ್ಯಾಮ್ ರೇಡಿಯೊ ಕ್ಲಬ್ಬಿನಲ್ಲೂ ಅದೇ ವಾಸನೆ. ಬಿರುಗಾಳಿಗೆ ಫೋನು ಕೆಟ್ಟ ದಿನದಿಂದ ನಮ್ಮ ಎಲೆಕ್ಟ್ರಿಷಿಯನ್ ಎಲ್ಲರಿಗೂ ಸುದ್ದಿ ಮುಟ್ಟಿಸುತ್ತ ಅಲ್ಲಿಂದ ಕದಲಿಲ್ಲ. ಇವತ್ತು ಅವರನ್ನು ಮನೆಗೆ ಕಳಿಸಿ ನಾನು ಕೂರುತ್ತೇನೆ.

ಮಾವನಿಗೆ ಊಟವಾದ ಮೇಲೆ ಮಾತ್ರೆ ಕೊಡು.

ಹನ್ನೆರಡಕ್ಕೆ ಮನೆಯ ರೇಡಿಯೊ ಹಾಕಿಡು, ಬಿರುಗಾಳಿಗೆ ದ್ವೀಪದಲ್ಲಿ ಸಿಕ್ಕಿಕೊಂಡ ನಿನ್ನ ಗಂಡ ದೋಣಿ ಹತ್ತಿದನೇ ಎಂದು ಹೇಳುತ್ತೇನೆ. ಆಂಟೆನಾ ತಂತಿಯ ಮೇಲೆ ಮತ್ತೆ ಒದ್ದೆ ಬೆಡ್‌ಶೀಟ್ ಹರವಬೇಡ ತಾಯಿ! ಹೋದ ಸಲ ನಾನು ಮನೆಯಿಂದ ಮಾತಾಡಿದಾಗ "ಅಜ್ಜಿ ಬಾವಿಯೊಳಗಿಂದ ಮಾತಾಡ್ತಿದಾರೆ" ಅಂತ ಕ್ಲಬ್ಬಿನವರು ನಕ್ಕಿದ್ದರು.

ನಿನ್ನೆ ನನ್ನ ಮಗ ಕ್ಷೇಮ ಎಂಬ ಸುದ್ದಿ ಬರುವವರೆಗೆ ನಾನು ಗುಟುಕು ನೀರೂ ಕುಡಿದಿರಲಿಲ್ಲ. ಕೇಳಿದ್ದೇ ತಡ ಅಳು ಬಂತು. ಎಲೆಕ್ಟ್ರಿಷಿಯನ್ ತಮ್ಮ ಬುತ್ತಿ ಬಿಚ್ಚಿ ನನ್ನ ಕೈಗಿಟ್ಟರು.