ವಾಷಿಂಗ್ ಕಾಣದ ಸೀಟು

ರಾಯದುರ್ಗ
೧೮ ಮೇ ೧೯೯೮

ಅಪ್ಪಾಜಿಯವರಿಗೆ ವಾಗೀಶನ ಶರಣು.

ನೀವು ಸಿಟ್ಟು ಮಾಡಿಕೊಂಡು ಹಿರೇಹಾಳಿನ ಅಕ್ಕನ ಮನೆಯಲ್ಲಿ ಕೂತು ಹತ್ತು ದಿನವಾಯಿತು. ತಪ್ಪಾಯಿತೆಂದು ಮೂರು ಸಲ ಹೇಳಿಕಳಿಸಿದೆ. ಇನ್ನೇನು ಮಾಡಬೇಕು?

ನಮ್ಮ ಅಂಬಾಸಿಡರಿನ ಸೀಟಿನ ರೆಕ್ಸಿನ್ ಹರಿದು ಸ್ಪ್ರಿಂಗ್ ಚುಚ್ಚುತ್ತಿತ್ತು. ನನಗೆ ಹೆಣ್ಣು ನೋಡಲು ಮಡಕಶಿರಾಕ್ಕೆ ಹೋಗುವ ಮೊದಲು ಜೀನ್ಸ್ ಬಟ್ಟೆಯಲ್ಲಿ ಹೊಸ ಕವರು ನಾನೇ ಹೊಲಿದೆ. ನಮ್ಮೂರಲ್ಲಿ ಜೀನ್ಸ್ ಪ್ಯಾಂಟು ಹೊಲಿದ ಮೇಲೆ ತಾನೇ ಹೆಚ್ಚಿನ ಬಣ್ಣ ತೆಗೆಸಲು ವಾಷಿಂಗಿಗೆ ಹೋಗುವುದು? ಹೊಲಿದರೆ ನನ್ನ ಕೆಲಸ ಮುಗಿಯಿತೆಂಬ ಅಭ್ಯಾಸ. ಕವರನ್ನು ವಾಷಿಂಗಿಗೆ ಒಯ್ಯಲು ಯಾರೂ ಬರುವುದಿಲ್ಲವೆಂದು ಹೊಳೆಯಲೇ ಇಲ್ಲ. ಬಿಸಿಲಲ್ಲಿ ಅಷ್ಟು ದೂರ ಬೆವರುತ್ತ ಕೂತಿದ್ದು, ಹುಡುಗಿಯ ಮನೆಯ ಮುಂದೆ ನೀವು ಇಳಿದಾಗ ಬಿಳಿ ಪಂಚೆಯ ಹಿಂಭಾಗವೆಲ್ಲ ನೀಲಿ. ಅವರು ನಕ್ಕರು. ನಾನೂ ನಕ್ಕೆ, ನಿಮಗೆ ಸಿಟ್ಟು ಬಂದದ್ದು ಅದಕ್ಕೇ ಎಂದು ನನಗೆ ಗೊತ್ತು.

“ಕಾರೂ ಕೆಡಿಸಿದಿ, ನನ್ನ ಮರ್ಯಾದಿನೂ ತೆಗೆದಿ” ಎಂದು ಓಣಿಗೆಲ್ಲ ಕೇಳುವಂತೆ ಬೈದಿರಿ. ಕವರು ಬಿಚ್ಚಿ ಐದು ಸಲ ತೊಳೆದೆ, ಇನ್ನೂ ನೀಲಿ ನೀರೇ. ಹಳೆಯದನ್ನೇ ಹಾಕೋಣವೆಂದರೆ ಅವ್ವ ಅದನ್ನು ಗುಜರಿಯವನಿಗೆ ಕೊಟ್ಟಿದ್ದಾಳೆ.

ನಿನ್ನೆ ಅವ್ವನ ಹೆಸರಿಗೆ ಮಡಕಶಿರಾದಿಂದ ಕಾರ್ಡು ಬಂತು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಆ ಹುಡುಗಿ, ಸ್ವಪ್ನಾ, ಬರೆದದ್ದು: “ಕವರ್‌ನ ಉಪ್ಪಿನ ನೀರಾಗೆ ನೆನೆಯಾಕಿ. ಮಾವನೋರ್ಗೆ ಬೇಜಾರು ಮಾಡ್ಕಬ್ಯಾಡಿ ಅಂತ ಹೇಳಿ.”

ನನ್ನ ವಿಷಯ ಒಂದಕ್ಷರವೂ ಇಲ್ಲ. ಆದರೆ ನಿಮ್ಮನ್ನು ಆಗಲೇ ಮಾವ ಎಂದಿದ್ದಾಳೆ.

ಮಾತುಕತೆ ಮುಂದುವರಿಸಬೇಕಾದವರು ನೀವು. ನಾಳೆಯೇ ಬಸ್ಸು ಹತ್ತಿ ಬನ್ನಿ. ಕಾರು ತರಲಾರೆ, ಕವರು ಉಪ್ಪುನೀರಿನಲ್ಲಿದೆ.

ಇಂತಿ ನಿಮ್ಮ ಮಗ,
ವಾಗೀಶ್