ವಿನುತಾ ಓದಿ ಹೇಳಿದ ರಕ್ತದ ವರದಿ

ಮಂಗಳವಾರ, ೧೧ ನವೆಂಬರ್ ೨೦೨೫. ಕೋಡಿಬಾಗ.

ಮಗ ಕಿಶನ ಇವತ್ತೂ ಸುಳ್ಳು ಹೇಳಿದ. ನನ್ನ ಶ್ವಾಸಕೋಶದ ಕ್ಯಾನ್ಸರಿಗೆಂದು ಮಾಡಿಸಿದ ರಕ್ತಪರೀಕ್ಷೆಯ ವರದಿ ಅವನ ಕಿಸೆಯಲ್ಲೇ ಇತ್ತು. "ಎಂತದೂ ಇಲ್ಲ ಆಯಿ, ರಕ್ತ ಸ್ವಲ್ಪ ಕಮ್ಮಿ ಅಂತೆ" ಎಂದ. ನನ್ನ ಮುಖ ನೋಡಲಿಲ್ಲ.

ಸೊಸೆ ವಿನುತಾ ಅವನ ಕಿಸೆಯಿಂದ ಕಾಗದ ತೆಗೆದು ನನ್ನೆದುರು ಕೂತಳು.

"ಅತ್ತೆ, ರಕ್ತದಲ್ಲಿ ಪ್ರೋಟೀನ್ ಇಳಿದಿದೆ, ಉರಿಯೂತ ಏರಿದೆ. ಇಂಥ ರಕ್ತ ಇದ್ದವರಲ್ಲಿ ವರ್ಷ ದಾಟೋರು ಕಡಿಮೆ ಅಂದ್ರು ಡಾಕ್ಟರು. ದಾಟಿದವರೂ ಇದ್ದಾರಂತೆ."

"ಅಳ್ತೀಯೇನೇ?"

"ಇಲ್ಲ. ನೀವು ಬೈತೀರಿ."

ಬೆಳಂಬಾರದಿಂದ ತಂದ ಈ ಹುಡುಗಿಯನ್ನು ಹನ್ನೆರಡು ವರ್ಷ ಬೈದೇ ಬೈದೆ, ಸಾರಿಗೆ ಉಪ್ಪು ಹೆಚ್ಚೆಂದು, ನಡಿಗೆ ನಿಧಾನವೆಂದು. ಇವತ್ತು ಹೆದರಿಕೆಗಿಂತ ಅವಳ ಮೇಲಿನ ಹೆಮ್ಮೆಯೇ ದೊಡ್ಡದಾಯಿತು.

ಮೀನು ಮಾರುಕಟ್ಟೆಯಲ್ಲಿ ನನ್ನ ಜಾಗದ ಮೇಲೆ ಮೂವರ ಕಣ್ಣಿದೆ. ಗಿರಾಕಿ ಕೇಳುವ ಮೊದಲೇ ಕಿವಿರು ಎತ್ತಿ ತೋರಿಸಿದವಳು ನಾನು. ನಿನ್ನೆಯ ಮೀನನ್ನು ಇವತ್ತಿನದೆಂದು ಮಾರಿದವಳಲ್ಲ. ಆ ಜಾಗದಲ್ಲಿ ನಾಳೆಯಿಂದ ನನ್ನ ಪಕ್ಕ ವಿನುತಾ ಕೂರುತ್ತಾಳೆ. ನಾನಿಲ್ಲದ ಮೇಲೆ ಒಬ್ಬಳೇ ಕೂರುತ್ತಾಳೆ.

ಬೆಳಿಗ್ಗೆ ಅವಳಿಗೆ ಹೇಳಬೇಕು. ಹೊಗಳಿ ರೂಢಿಯಿಲ್ಲ ನನಗೆ. ಮೊದಲ ಮಾತು ಏನೆಂದು ಇನ್ನೂ ಹೊಳೆದಿಲ್ಲ.